ತೊಳೆದ ಸೀಸೆ

"ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಗೆ ಸೀಸೆ ಕೊಟ್ಟರೆ ಇನ್ನೇನಾಗುತ್ತೆ? ಕೊಳೆ ಇರೋದು ಇವನ ಕೈಲಿ, ನಮ್ಮ ಸಮುದ್ರದಲ್ಲಲ್ಲ."

ಬಂದರಿನ ಸಾಹೇಬರು ಇಷ್ಟನ್ನು ಹೇಳಿದ್ದು ನಾಲ್ಕು ದೇಶದವರು ಕೂತಿದ್ದ ಸಭೆಯಲ್ಲಿ. ಬಾಗಿಲ ಬಳಿ ಖಾಲಿ ಸೀಸೆಗಳ ಪೆಟ್ಟಿಗೆ ಹಿಡಿದು ನಿಂತಿದ್ದವನ ಕಡೆ ಬೆರಳು ಮಾಡಿಯೇ ಹೇಳಿದರು. ಯಾರೋ ಕಿಸಕ್ಕೆಂದರು. ಅವನ ಸಿಟ್ಟಿನ ದೆಸೆಯಿಂದ ಬಂದರಿನವರೆಲ್ಲ ಅವನನ್ನು ಕಿಡಿ ಎಂದೇ ಕರೆಯುತ್ತಿದ್ದರು. ಕಿಡಿಯ ಕಿವಿ ಕೆಂಪಾಯಿತು. ಪೆಟ್ಟಿಗೆಯನ್ನು ಅಲ್ಲೇ ಎತ್ತಿ ಕುಕ್ಕಬೇಕೆನಿಸಿತು. ಕುಕ್ಕಲಿಲ್ಲ. ಸೀಸೆಗಳೇನು ಪಾಪ ಮಾಡಿದ್ದವು?

ವಿಷಯ ಇಷ್ಟು. ಆ ಸಮುದ್ರದ ಸುತ್ತ ನಾಲ್ಕು ದೇಶ. ನೀರಿಗೆ ಬೇಲಿ ಹಾಕಲು ಬರುವುದಿಲ್ಲ, ಒಬ್ಬರು ಸುರಿದದ್ದು ಇನ್ನೊಬ್ಬರ ದಡಕ್ಕೆ ಹೋಗಿ ಅಂಟುತ್ತಿತ್ತು. ವರ್ಷಗಟ್ಟಲೆ ಕಿತ್ತಾಡಿ ಕೊನೆಗೊಂದು ಒಪ್ಪಂದ ಮಾಡಿಕೊಂಡರು. ಅದರಲ್ಲಿ ಒಂದು ಮಾತು ಕಿಡಿಗೆ ಬಹಳ ಹಿಡಿಸಿತ್ತು: ಯಾರೂ ತಮ್ಮ ನೀರನ್ನು ತಾವೇ ಪರೀಕ್ಷೆ ಮಾಡುವಂತಿಲ್ಲ. ಈ ದಡದ ಸೀಸೆ ಆಚೆ ದಡದ ಪ್ರಯೋಗಾಲಯಕ್ಕೆ, ಅವರದು ಇಲ್ಲಿಗೆ. ದೇಶಗಳು ಒಂದನ್ನೊಂದು ಎಷ್ಟು ನಂಬುತ್ತಿದ್ದವೆಂದು ಇದರಲ್ಲೇ ಗೊತ್ತಾಗುತ್ತದೆ. ನೀರಿನಲ್ಲಿ ಎಣ್ಣೆ ಮಿತಿ ಮೀರಿತೋ, ಆ ದೇಶ ಎಣ್ಣೆ ಬಿಡುವ ಚರಂಡಿಯನ್ನು ಮುಚ್ಚಲೇಬೇಕು. ಇಲ್ಲಿ ಚರಂಡಿಯೆಂದರೆ ಹಡಗು ರಿಪೇರಿ ಮಾಡುವ ಕಾರ್ಖಾನೆಯದು. ಈ ಸಲ ಆಚೆ ದಡದಿಂದ ಬಂದ ಅಂಕಿ ಮಿತಿಗಿಂತ ಎಷ್ಟೋ ಮೇಲಿತ್ತು.

ಚರಂಡಿಯ ಬಾಯಲ್ಲಿ ಸೀಸೆ ತುಂಬುವವನು ಕಿಡಿ. ದೋಣಿ ನಡೆಸುವವನು ಅವನ ಸೋದರಮಾವ. ಶಾಲೆ ಬಿಟ್ಟು ಸಿಕ್ಕಸಿಕ್ಕವರ ಮೇಲೆ ಕಾಲು ಕೆರೆದು ಜಗಳಕ್ಕೆ ಹೋಗುತ್ತಿದ್ದವನನ್ನು ಈ ಕೆಲಸಕ್ಕೆ ತಂದು ಹಾಕಿದ್ದೂ ಅವನೇ. ಬೇರೆಲ್ಲೂ ನಿಲ್ಲದವನು ಇಲ್ಲಿ ನಿಂತುಬಿಟ್ಟಿದ್ದ. ಈ ನೀರು ಇಲ್ಲಿಂದ ಎಲ್ಲಿಗೆ ಹೋಗುತ್ತೆ, ಕಣ್ಣಿಗೆ ಕಾಣದ ಎಣ್ಣೆಯನ್ನು ಅವರು ಹೇಗೆ ಹಿಡಿಯುತ್ತಾರೆ ಎಂದು ದಿನವೂ ಮಾವನ ತಲೆ ತಿನ್ನುತ್ತಿದ್ದ. ಸಭೆ ಮುಗಿಯುವಷ್ಟರಲ್ಲಿ ಆ ಕೆಲಸವೂ ಹೋಯಿತು. ಇನ್ನು ದೋಣಿ ಹತ್ತಬೇಡವೆಂದು ಸಾಹೇಬರು ಜವಾನನ ಕೈಲಿ ಹೇಳಿ ಕಳಿಸಿದರು.

ಬಯ್ಯಲಿ ಬಿಡು, ಅವರ ಬಾಯಿಗೆ ಬೀಗ ಹಾಕೋರು ಯಾರು ಎಂದು ಮಾವ ಸಮಾಧಾನ ಹೇಳಿದ.

"ಬಯ್ದಿದ್ದು ಹಾಳಾಗ್ಲಿ ಮಾವ. ನಾನು ನಿಜವಾಗ್ಲೂ ತಪ್ಪು ಮಾಡಿದ್ದೀನಾ? ಅದು ಗೊತ್ತಾಗ್ಬೇಕು."

"ಗೊತ್ತಾದ್ರೆ ಏನು ಮಾಡ್ತೀಯೋ ಅಳಿಯ?"

"ನಿದ್ದೆ ಮಾಡ್ತೀನಿ."

ಆಚೆ ದಡದಿಂದ ಅಂಕಿ ಹೊತ್ತು ತಂದಿದ್ದ ಪರೀಕ್ಷಕಿ, ದೋಣಿ ನಿಲ್ಲುವ ಧಕ್ಕೆಯ ತುದಿಯಲ್ಲಿ, ಹಡಗಿನ ಹಗ್ಗ ಕಟ್ಟುವ ಗೂಟದ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಈ ಕಡೆಯ ಮಾತು ಅವಳಿಗೆ ತಡೆತಡೆದು ಬರುತ್ತಿತ್ತು. ಕಿಡಿ ನೇರ ಹೋಗಿ ತನ್ನ ತಪ್ಪೇನೆಂದು ಕೇಳಿದ. ಸೀಸೆ ಹೇಗೆ ತುಂಬುತ್ತೀಯ, ಮಾಡಿ ತೋರಿಸು ಎಂದಳು. ಅವನು ಮೆಟ್ಟಿಲಿಳಿದು ಸೀಸೆ ಮುಳುಗಿಸಿದ, ಕುಲುಕಿದ, ಚೆಲ್ಲಿದ. ಮತ್ತೆ ಮುಳುಗಿಸಿದ, ಚೆಲ್ಲಿದ. ಅಷ್ಟರಲ್ಲಿ ಅವಳು ಸುಲಿಯುವುದನ್ನು ನಿಲ್ಲಿಸಿದ್ದಳು.

ಯಾಕೆ ತೊಳೆಯುತ್ತೀಯ ಎಂದು ಕೇಳಿದಳು. ಉಪ್ಪು ನೋಡುವ ಸೀಸೆಗೆ ಹಾಗೇ ಮಾಡಬೇಕಲ್ಲ, ಮೂರು ಸಲ ಅದೇ ನೀರಲ್ಲಿ ತೊಳೆದು ಆಮೇಲೆ ತುಂಬೋದು. ಕೈಗೆ ಅದೇ ರೂಢಿ ಎಂದ ಕಿಡಿ.

"ಉಪ್ಪಿಗೆ ಸರಿ. ಎಣ್ಣೆಗೆ ಅಲ್ಲ," ಎಂದಳು. "ಉಪ್ಪು ನೀರಿನ ಜೊತೆ ಹೊರಟು ಹೋಗುತ್ತೆ. ಎಣ್ಣೆ ಗಾಜಿಗೆ ಅಂಟಿಕೊಂಡು ಕೂತುಬಿಡುತ್ತೆ. ನೀನು ಪ್ರತಿ ಸಲ ನೀರು ಚೆಲ್ಲಿದೆ, ಎಣ್ಣೆ ಉಳಿಸಿಕೊಂಡೆ. ಅದಕ್ಕೇ ಅಂಕಿ ಏರಿತು."

ಕಿಡಿ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ. ಏನೂ ಕಾಣಲಿಲ್ಲ. ಸಿಟ್ಟು ಎಲ್ಲಿ ಹೋಗಿ ಕೂರಬೇಕೆಂದು ತಿಳಿಯದೆ ತಡಕಾಡಿತು. ಸಾಹೇಬರಿಗೆ ಸೀಸೆಯ ತಲೆಬುಡ ಗೊತ್ತಿರಲಿಲ್ಲ. ಸುಮ್ಮನೆ ಬಾಯಿಗೆ ಬಂದದ್ದು ಅಂದಿದ್ದರು. ಆದರೂ ಅದು ಸರಿಯಾಗಿಯೇ ಬಿದ್ದಿತ್ತು. ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿಲ್ಲ.

ಅವನು ಧಕ್ಕೆಯ ಆ ತುದಿವರೆಗೆ ಹೋದ. ಅಲ್ಲಿಂದಲೇ ತಿರುಗಿ ದಾಪುಗಾಲು ಹಾಕುತ್ತ ಬಂದ.

"ಮೇಡಂ, ಗಾಜಿಗೆ ಅಂಟಿದ ಎಣ್ಣೆ ಎಲ್ಲಿಂದ ಬಂತು? ನಾನೇನು ಮನೆಯಿಂದ ತಂದಿದ್ನಾ?"

ಅವಳು ಅವನನ್ನೇ ನೋಡಿದಳು. ಅರ್ಧ ಕಿತ್ತಳೆ ಅವನ ಕೈಗಿಟ್ಟಳು.

"ಒಳ್ಳೇ ಪ್ರಶ್ನೆ. ಆದರೆ ಒಪ್ಪಂದದಲ್ಲಿ ಆ ಪ್ರಶ್ನೆ ಇಲ್ಲ."

ಮತ್ತೊಮ್ಮೆ ಸೀಸೆ ತುಂಬಿಸೋಣವೆಂದು ಅವಳೇ ಮರುದಿನ ಸಭೆಯಲ್ಲಿ ಕೇಳಿದಳು, ಇದೊಂದು ಸಲಕ್ಕೆ ಕಿಡಿಯೇ ಬರಲಿ ಎಂದಳು. ತಪ್ಪು ಹುಡುಗನದೆಂದು ತಿಳಿದ ಸಾಹೇಬರು ಕುಣಿದಾಡಿ ಒಪ್ಪಿದರು. ದೋಣಿಯಲ್ಲಿ ಮೂವರು. ಚರಂಡಿಯ ಬಾಯಲ್ಲಿ ನೀರು ಬಿಸಿಲಿಗೆ ಬಣ್ಣ ಬಣ್ಣವಾಗಿ ಹೊಳೆಯುತ್ತಿತ್ತು. ನೋಡೋಕೆ ಎಷ್ಟು ಚೆಂದ, ಸೀರೆ ಮಾಡಿ ಉಡಿಸಬಹುದು ಎಂದು ಮಾವ ನಗೆಯಾಡಿದ. ಅಲ್ಲಿ ಒಂದು ಸೀಸೆಯನ್ನು ತೊಳೆಯದೆ, ಒಂದನ್ನು ಹಳೆಯ ರೂಢಿಯಂತೆ ತೊಳೆದು ತುಂಬಿದರು. ಇನ್ನೊಂದು ಸೀಸೆಯನ್ನು ದೂರ ತೆರೆದ ಕಡಲಲ್ಲಿ ತುಂಬೋಣ, ಅದನ್ನೂ ಮೂರು ಸಲ ತೊಳೆದೇ ತುಂಬೋಣ, ಅಲ್ಲೂ ಎಣ್ಣೆ ಅಂಟುತ್ತಾ ನೋಡೋಣ ಎಂದು ಹಟ ಹಿಡಿದವನು ಕಿಡಿ. ಅವಳು ಬೇಡವೆನ್ನಲಿಲ್ಲ. ಮಾವ ಮಾತ್ರ ಡೀಸೆಲ್ ಲೆಕ್ಕ ಹಾಕಿ ಗೊಣಗಿದ.

ಸೀಸೆಗಳು ಆಚೆ ದಡಕ್ಕೆ ಹೋದವು. ಮುಂದಿನ ಸಭೆಗೆ ಅಂಕಿ ಬಂದವು. ತೊಳೆಯದ ಸೀಸೆ ಮಿತಿಗಿಂತ ಕೂದಲೆಳೆಯಷ್ಟು ಕೆಳಗೆ. ತೊಳೆದದ್ದು ಹಿಂದಿನಂತೆಯೇ ಎಷ್ಟೋ ಮೇಲೆ. ತೆರೆದ ಕಡಲಿನದ್ದು, ಮೂರು ಸಲ ತೊಳೆದಿದ್ದರೂ, ಇಲ್ಲವೆನ್ನುವಷ್ಟು. ಪರೀಕ್ಷಕಿ ಮೂರನ್ನೂ ಓದಿದಳು. ಕೊನೆಯ ಎರಡು ನಿಯಮದಲ್ಲಿಲ್ಲವೆಂದು ಸಭೆಯ ಅಧ್ಯಕ್ಷರು ಬಹಳ ಮರ್ಯಾದೆಯಿಂದ ಹೇಳಿ ಹಾಳೆ ತಿರುವಿದರು.

ಚರಂಡಿ ಉಳಿಯಿತು. ಸಾಹೇಬರ ಮುಖ ಊರಗಲವಾಯಿತು. ಬಾಗಿಲ ಬಳಿ ಮಾವನ ಜೊತೆ ನಿಂತಿದ್ದ ಕಿಡಿಯನ್ನು ಹತ್ತಿರ ಕರೆದು ಹೆಗಲ ಮೇಲೆ ಕೈ ಹಾಕಿದರು.

"ಹುಡುಗರು, ತಪ್ಪು ಮಾಡ್ತಾರೆ. ನಾಳೆಯಿಂದ ದೋಣಿಗೆ ಬಾರಪ್ಪ. ಈಗ ಇವರಿಗೆಲ್ಲ ನಿನ್ನ ಬಾಯಲ್ಲೇ ಹೇಳಿಬಿಡು: ತಪ್ಪು ನಿಂದು, ನಮ್ಮ ನೀರು ಚೊಕ್ಕ. ಹೌದು ತಾನೆ?"

ಹೌದು ಎನ್ನುವುದು ಕಿಡಿಯ ನಾಲಿಗೆಯ ತುದಿಗೇ ಬಂದಿತ್ತು. ತಪ್ಪು ಅವನದೇ, ಅದನ್ನು ಯಾರೆದುರಾದರೂ ಒಪ್ಪಿಕೊಳ್ಳುತ್ತಿದ್ದ. ಆದರೆ ಆ ಹೌದಿನ ಬಾಲ ಹಿಡಿದು ನೀರು ಚೊಕ್ಕ ಎಂಬ ಎರಡನೆಯ ಮಾತೂ ದಾಟಿಹೋಗುತ್ತಿತ್ತು. ಇಲ್ಲವೆಂದರೆ ಮೊದಲನೆಯದು ಸುಳ್ಳಾಗುತ್ತಿತ್ತು. ಬಾಗಿಲಿನಿಂದ ಮಾವ ಹೂಂ ಅನ್ನು, ಹೂಂ ಅನ್ನು ಎಂದು ಕಣ್ಣಲ್ಲೇ ಬೇಡುತ್ತಿದ್ದ. ಮೇಜಿನ ಆ ಕಡೆಯಿಂದ ಪರೀಕ್ಷಕಿ, ಈ ಸೀಸೆಯೊಳಗೆ ಏನಿದೆಯೋ ಎಂಬಂತೆ ಅವನನ್ನೇ ನೋಡುತ್ತಿದ್ದಳು.

"ಹೇಳಪ್ಪ," ಎಂದರು ಸಾಹೇಬರು.

ಕಿಡಿ ಹೆಗಲ ಮೇಲಿನ ಕೈಯನ್ನು ಎತ್ತಿ ಮೆಲ್ಲಗೆ ಕೆಳಗಿಟ್ಟ. ಮಾವನನ್ನು ದಾಟಿ ಬಾಗಿಲಾಚೆ ಹೋದ. ಹಿಂದಿನಿಂದ ಸಾಹೇಬರು ಇನ್ನೊಮ್ಮೆ ಕೇಳಿದ್ದು ಮೆಟ್ಟಿಲವರೆಗೂ ಕೇಳಿಸಿತು. ಅವನು ಇಳಿಯುತ್ತಲೇ ಹೋದ.