ಉತ್ತರದ ಮೇಲಿನ ರಟ್ಟಿನ ಪಟ್ಟಿ

ಎರಡು ಬೆರಳಗಲದ ರಟ್ಟಿನ ಪಟ್ಟಿಯೊಂದು ಅವಳ ಕೈಯಿಂದ ದೂರವಾದದ್ದನ್ನು ನಾನು ಕಂಡಿಲ್ಲ. ಸಂಜೆ ಕಾಲೇಜಿನ ಹಿಂಬಾಗಿಲಿಗೆ ಎದುರಾಗಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಅಕ್ಕ, ಬಿಡಿಸಿದ ಲೆಕ್ಕದ ಹಾಳೆಯನ್ನು ಯಾರೇ ತರಲಿ, ಗಾಜಿನ ಮೇಲೆ ಕವುಚಿ ಹಾಕುವ ಮುನ್ನ ಕೊನೆಯ ಸಾಲಿನ ಮೇಲೆ ಆ ಪಟ್ಟಿಯನ್ನಿಟ್ಟು, ಆಮೇಲೆಯೇ ಗುಂಡಿ ಅದುಮುತ್ತಿದ್ದಳು. ಹೊರಬಂದ ಪ್ರತಿಯಲ್ಲಿ ಉತ್ತರವಿರಬೇಕಾದ ಕಡೆ ಬಿಳಿಯ ಬಯಲು. ವಿದ್ಯಾರ್ಥಿಗಳು ಗೊಣಗುತ್ತಿದ್ದರು, ಪಟ್ಟಿ ಅಕ್ಕ ಎಂದು ಹೆಸರಿಟ್ಟಿದ್ದರು, ಪಕ್ಕದಲ್ಲೇ ಇನ್ನೆರಡು ಅಂಗಡಿಗಳಿದ್ದರೂ ಮರುದಿನ ಇಲ್ಲಿಗೇ ಬರುತ್ತಿದ್ದರು. ಆ ಬಯಲಿನ ಅಂಚಿನವರೆಗೆ ಜೊತೆಯಲ್ಲಿ ನಡೆದು ಬರುವವಳು ಅವಳೊಬ್ಬಳೇ.

ಬೂದು ಬಣ್ಣದ ಉದ್ದನೆಯ ಕೋಟು, ಅದರ ಜೇಬಿನ ತುಂಬ ಪೆನ್ಸಿಲ್ ತುಂಡುಗಳು, ಮಸಿ ಹಿಡಿದು ಎಂದೂ ಬೆಳ್ಳಗಾಗದ ಬೆರಳ ತುದಿಗಳು. ಯಂತ್ರಕ್ಕೂ ಗೋಡೆಗೂ ನಡುವೆ ನೇರ ನಡೆಯಲು ಜಾಗವಿಲ್ಲದೆ ಪಕ್ಕಕ್ಕೆ ಸರಿದು ಸರಿದು ಅಭ್ಯಾಸವಾಗಿ, ವಿಶಾಲವಾದ ಬೀದಿಯಲ್ಲೂ ಅಕ್ಕ ಒಂದು ಭುಜ ಮುಂದಿಟ್ಟೇ ನಡೆಯುತ್ತಿದ್ದಳು. ಆ ಪ್ರತಿಯ ಲೆಕ್ಕವನ್ನು ನಾವು ಅಂಗಡಿಯಲ್ಲೇ ಕೂತು ಬಿಡಿಸುವಾಗ ಅವಳದು ಒಂದೇ ಮಾತು: “ಹೂಂ, ಮುಂದೆ?” ಸರಿ ಬರೆದರೂ ಅದೇ, ತಪ್ಪು ಬರೆದರೂ ಅದೇ. ಮುಖ ನೋಡಿ ಉತ್ತರ ಕದಿಯುವ ಆಸೆ ಅಲ್ಲಿ ನಡೆಯುತ್ತಿರಲಿಲ್ಲ.

ನಾನಾಗ ಹಗಲು ಆಸ್ಪತ್ರೆಯ ಕಡತಗಳ ಕೋಣೆಯಲ್ಲಿ ದುಡಿದು ಸಂಜೆ ಓದುತ್ತಿದ್ದೆ. ಸಂಭವನೀಯತೆ ಮತ್ತು ಅರ್ಥಶಾಸ್ತ್ರಕ್ಕೆ ಬೇಕಾದ ಕಲನಶಾಸ್ತ್ರ, ಎರಡೂ ಸೇರಿದ ಒಂದೇ ಪತ್ರಿಕೆಯಲ್ಲಿ ಎರಡು ಬಾರಿ ಬಿದ್ದಿದ್ದೆ. ಮೂರನೆಯ ಸಲವೂ ಬಿದ್ದರೆ ಸೀಟು ಹೋಗುತ್ತಿತ್ತು, ಅದರೊಡನೆ ನಾಲ್ಕು ವರ್ಷದ ಸಂಜೆಗಳೂ.

ಹತ್ತು ಬಲ್ಬುಗಳ ಡಬ್ಬ, ಮೂರು ಸುಟ್ಟವು; ಒಂದಾದ ಮೇಲೊಂದು ಎರಡನ್ನು ತೆಗೆದರೆ ಎರಡೂ ಸುಟ್ಟವಾಗಿರುವ ಸಂಭವವೆಷ್ಟು? ನಾನು ಹತ್ತರಲ್ಲಿ ಮೂರು ಎಂದು ಎರಡು ಸಲ ಬರೆದೆ.

“ಮೊದಲನೇ ಬಲ್ಬು ಎಲ್ಲಿಟ್ಟೆ, ತಾಯಿ?”

“ಕೈಯಲ್ಲೇ ಇದೆಯಕ್ಕಾ.”

“ಕೈಲಿರೋದನ್ನೇ ಡಬ್ಬದಲ್ಲೂ ಎಣಿಸ್ತಿದೀಯಲ್ಲ. ಒಂದು ತೆಗೆದ ಮೇಲೆ ಅದು ಹಳೇ ಡಬ್ಬ ಅಲ್ಲ ಕಣೆ.”

ಲಾಭ ಅತ್ಯಧಿಕವಾಗುವ ಬಿಂದುವನ್ನು ಹುಡುಕುವಾಗ, ಏರಿಳಿತದ ದರ ಸೊನ್ನೆಯಾದ ಕೂಡಲೇ ನಾನು ಪೆನ್ನು ಕೆಳಗಿಡುತ್ತಿದ್ದೆ. “ಸೊನ್ನೆ ಬಂತು ಅಂತ ಕುಣೀಬೇಡ. ಗುಡ್ಡದ ತುದೀಲೂ ನೆಲ ಸಮ, ಗುಂಡಿ ತಳದಲ್ಲೂ ಸಮ. ಎಲ್ಲಿ ನಿಂತಿದೀಯ, ನೋಡ್ಕೊ.”

ಪರೀಕ್ಷೆಯ ಹಿಂದಿನ ಸಂಜೆ ಧೈರ್ಯ ಕುಸಿಯಿತು. ಅಂಗಡಿಯ ಗೈಡಿನಲ್ಲಿದ್ದ ಅಂಥದೇ ಒಂದು ಲೆಕ್ಕದ ಉತ್ತರದ ಮೇಲೆ ಅಕ್ಕ ಪಟ್ಟಿಯಿಟ್ಟಾಗ, “ಇದೊಂದು ಸಲ ಪಟ್ಟಿ ತೆಗೆಯಕ್ಕಾ, ಬಾಯಿಪಾಠ ಮಾಡ್ಕೊಂಡು ಹೋಗ್ತೀನಿ” ಎಂದೆ. ಅಕ್ಕ ಯಂತ್ರ ನಿಲ್ಲಿಸಿದಳು.

“ನನ್ನ ತಮ್ಮನ ಹೋಂವರ್ಕ್ ಲೆಕ್ಕವೆಲ್ಲ ನಾನೇ ಮಾಡಿಕೊಟ್ಟೆ. ಮುದ್ದಿನವನು, ಕಷ್ಟಪಡಬಾರದು ಅಂತ. ಪರೀಕ್ಷೆಗೆ ಮಾತ್ರ ಅವನೊಬ್ಬನೇ ಹೋದ.” ಪಟ್ಟಿಯ ಅಂಚನ್ನು ಸವರುತ್ತ ನಿಂತಳು. “ಖಾಲಿ ಹಾಳೆ ಕೊಟ್ಟು ಬಂದವನು ಮತ್ತೆ ಪುಸ್ತಕ ಮುಟ್ಟಲಿಲ್ಲ. ನನ್ನ ಹತ್ರ ಮಾತೂ ಬಿಟ್ಟ.”

ನಾನು ಪೆನ್ನು ತೆಗೆದುಕೊಂಡೆ. ಸೊನ್ನೆ ಎರಡು ಕಡೆ ಬಂತು: ಎರಡು ಘಟಕದಲ್ಲಿ, ಹತ್ತು ಘಟಕದಲ್ಲಿ. ಮತ್ತೊಮ್ಮೆ ಪರೀಕ್ಷಿಸಿದೆ. ಎರಡರಲ್ಲಿ ಗುಂಡಿ, ಹತ್ತರಲ್ಲಿ ಗುಡ್ಡ. “ಹತ್ತು” ಎಂದೆ. ಅಕ್ಕ ಪಟ್ಟಿ ಎತ್ತಿದಳು. ಕೆಳಗೆ ಅಚ್ಚಾಗಿತ್ತು: ಎರಡು.

“ಈಗ ಯಾರನ್ನ ನಂಬ್ತೀ?” ಮುಖದಲ್ಲಿ ಅದೇ ನಿರ್ಲಿಪ್ತತೆ.

ಎರಡನ್ನೂ ಹತ್ತನ್ನೂ ಒಂದೊಂದಾಗಿ ಲಾಭದ ಸೂತ್ರಕ್ಕೆ ಹಾಕಿ ನೋಡಿದೆ. ಎರಡಕ್ಕೆ ನಷ್ಟ, ಹತ್ತಕ್ಕೆ ಲಾಭ. “ಗೈಡು ತಪ್ಪು” ಎಂದೆ, ಮೆಲ್ಲಗೆ.

“ಮೂರು ವರ್ಷದಿಂದ ತಪ್ಪೇ. ಇದನ್ನೇ ಬಾಯಿಪಾಠ ಮಾಡೋಕೆ ಹೊರಟಿದ್ದೆಯಲ್ಲ. ಹೋಗು, ಮಲಕ್ಕೋ.”

ನಾನು ಪಾಸಾದೆ, ಹೇಳಿಕೊಳ್ಳುವಂಥ ಅಂಕಗಳಿಂದೇನಲ್ಲ. ಅಂಕಪಟ್ಟಿಯ ಪ್ರತಿ ಮಾಡಿಸಲು ಹೋದಾಗ ಅಕ್ಕ ಅದನ್ನು ಮೇಲಿಂದ ಕೆಳಗೆ ಓದಿ, ಮೊದಲ ಬಾರಿಗೆ ಪಟ್ಟಿಯಿಡದೆ ಗುಂಡಿ ಅದುಮಿದಳು. “ಹೂಂ, ಮುಂದೆ?” ಎಂದಳು.

ಕೈತುಂಬ ಕೊಟ್ಟವರನ್ನು ಲೋಕ ನೆನೆಯುತ್ತದೆ, ಅವರು ಕೊಟ್ಟದ್ದು ಕಣ್ಣಿಗೆ ಕಾಣುತ್ತದೆ. ಆದರೆ ಕೊಡಬಹುದಾದದ್ದನ್ನು ಅಂಗೈ ಕೆಳಗೆ ಮುಚ್ಚಿ ಹಿಡಿದು, ನಾವು ತಲುಪುವವರೆಗೂ ಪಕ್ಕದಲ್ಲಿ ನಿಲ್ಲುವ ಜನ ಇರುತ್ತಾರೆ. ಒಮ್ಮೆ ಪ್ರೀತಿಯಿಂದಲೇ ತಪ್ಪು ಮಾಡಿದವರು ಬಹುಶಃ. ಅಂಥವರು ಕೊಟ್ಟದ್ದೇನು ಎಂದು ಯಾರಾದರೂ ಕೇಳಿದರೆ ತೋರಿಸಲು ನಮ್ಮಲ್ಲಿ ಹೆಚ್ಚೇನೂ ಇರುವುದಿಲ್ಲ: ಹಾಳೆಯ ಕೊನೆಯಲ್ಲಿ ಒಂದಿಷ್ಟು ಬಿಳಿಯ ಜಾಗ, ಅದರಲ್ಲಿ ನಮ್ಮದೇ ಕೈಬರಹ.