ಕುದುರೆಯ ಹಿಂದೆ ಹಾಯುವ ಬಗೆ

"ಒಂದು ಸುಳ್ಳು ಬೇಕಿತ್ತು ಕಣೋ," ಎಂದಳು ನೇಡೀನ್ ಫೋನಿನ ಆ ತುದಿಯಿಂದ.

ಡೆಲ್ಮರ್ ಟ್ಯಾಕೆಟ್ ಬಾಣಲೆಗೆ ಬಿಡಬೇಕಿದ್ದ ಮಾಂಸದ ತುಂಡನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟ. ಚಿಕ್ಕಂದಿನಿಂದಲೂ ಅವನ ಸುಳ್ಳುಗಳಿಗಾಗಿ ಅವನ ಕಿವಿ ಹಿಂಡುತ್ತ ಬಂದವಳು ಇದೇ ಅಕ್ಕ. ಅವನ ಎಡಗಿವಿ ಬಲಗಿವಿಗಿಂತ ಎರಡು ಬೆರಳು ಉದ್ದವಾಗಿರುವುದಕ್ಕೆ ಅವಳೇ ಕಾರಣವೆಂದು ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಈಗ ನೋಡಿದರೆ ಅವಳೇ ಅಂಗಡಿ ಬಾಗಿಲಿಗೆ ಬಂದು ನಿಂತಿದ್ದಾಳೆ!

"ಎಂಥದ್ದು ಕೊಡ್ಲಿ ಅಕ್ಕ? ದಿನಬಳಕೆದೋ, ಹಬ್ಬದ್ದೋ?"

"ಹಲ್ಲು ಕಿರೀಬೇಡ. ಮೊದ್ಲು ಕೇಳಿಸ್ಕೋ."

ನಮ್ಮ ಕೆಂಟಕಿಯ ಈ ಮೂಲೆಯಲ್ಲಿ ಮನುಷ್ಯರಿಗಿಂತ ಕುದುರೆಗಳು ಹೆಚ್ಚು, ಕುದುರೆಗಳಿಗಿಂತ ಬರ್ಬನ್ ವಿಸ್ಕಿಯ ಪೀಪಾಯಿಗಳು ಹೆಚ್ಚು, ಪೀಪಾಯಿಗಳಿಗಿಂತ ಸುಳ್ಳುಗಳು ಹೆಚ್ಚು. ಆ ಸುಳ್ಳುಗಳಲ್ಲಿ ಮುಕ್ಕಾಲು ಪಾಲು ಡೆಲ್ಮರನವು. ಉಳಿದ ಕಾಲು ಭಾಗ ಅವನಿಂದ ಕಡ ತಂದವು. ಫೇರ್‌ಲೀ ಫಾರ್ಮಿನಲ್ಲಿ ಬಂದವರಿಗೆ ಕುದುರೆ ತೋರಿಸುವುದು ಅವನ ಕೆಲಸ. ಅಲ್ಲಿನ ಒಂದು ಗಂಡುಕುದುರೆ ಎಷ್ಟು ಜೋರಾಗಿ ಓಡುತ್ತಿತ್ತೆಂದರೆ, ಅದರ ನೆರಳು ಮರುದಿನ ಮಧ್ಯಾಹ್ನ ಒಂಟಿಯಾಗಿ ಏದುಸಿರು ಬಿಡುತ್ತ ಬಂದು ತೊಟ್ಟಿಯಲ್ಲಿ ನೀರು ಕುಡಿಯುತ್ತಿತ್ತು ಎಂದು ಅವನು ಹೇಳುವಾಗ, ತೊಟ್ಟಿಯ ಕಡೆ ತಿರುಗಿ ನೋಡದವರನ್ನು ನಾನಂತೂ ಕಂಡಿಲ್ಲ.

ನೇಡೀನ್ ಬಹಳ ಹಿಂದೆಯೇ ಉತ್ತರಕ್ಕೆ, ಮಿನ್ನೆಸೋಟಕ್ಕೆ ಹೋಗಿ ಮೇಷ್ಟ್ರಗಿತ್ತಿಯಾಗಿ ನೆಲೆಸಿದವಳು. ಐದು ವರ್ಷದ ಹಿಂದೆ ಗೆರಾಲ್ಡ್ ಎಂಬವನನ್ನು ಎರಡನೆಯ ಮದುವೆಯಾಗಿದ್ದಳು. ಈ ಗಂಡ ಹೆಂಡಿರು ಮತ್ತು ಗೆರಾಲ್ಡನ ಸ್ನೇಹಿತರ ಇನ್ನೆರಡು ಜೋಡಿ ವರ್ಷಕ್ಕೊಮ್ಮೆ ಕೂಡಿ ಪ್ರವಾಸ ಹೋಗುವವರು. ಈ ಸಲ ಗೆರಾಲ್ಡ್ ಎಲ್ಲೋ ಓದಿಕೊಂಡು ಬಂದಿದ್ದ: ಕುದುರೆ ಫಾರ್ಮುಗಳೂ ಬರ್ಬನ್ ಭಟ್ಟಿಗಳೂ ತುಂಬಿರುವ ಒಂದು ಸೀಮೆಯಿದೆ, ಅದಕ್ಕೆ ಸಲ್ಲಬೇಕಾದ ಬೆಲೆಯನ್ನು ಜನ ಇನ್ನೂ ಕೊಟ್ಟಿಲ್ಲ ಎಂದು.

"ನಮ್ಗೆ ಬೆಲೆ ಸಿಕ್ಕಿಲ್ಲ ಅನ್ನೋದು ಮಿನ್ನೆಸೋಟದವರಿಗೂ ಗೊತ್ತಾಯ್ತಲ್ಲ, ಬಿಡು," ಎಂದ ಡೆಲ್ಮರ್. "ಬರ್ಲಿ. ಮೂರು ದಿನದ ಪ್ಲಾನ್ ನಾನ್ ಹಾಕ್ಕೊಡ್ತೀನಿ. ಇದ್ರಲ್ಲಿ ಸುಳ್ಳು ಎಲ್ಲಿ ಬಂತು?"

"ಗೆರಾಲ್ಡ್‌ಗೆ ನಮ್ಮಪ್ಪನ ಫಾರ್ಮ್ ನೋಡ್ಬೇಕಂತೆ."

"ಯಾವ ಫಾರ್ಮು?"

"ನನ್ ಮದುವೇಲಿ ಎರಡು ಗ್ಲಾಸ್ ಇಳಿಸಿ ನೀನೇ ಹೇಳ್ದೆಯಲ್ಲ! ಅಪ್ಪಂದು ಮುನ್ನೂರು ಕುದುರೆ, ಬೆಳಿಗ್ಗೆ ಬೇಲಿ ನೋಡ್ಕೊಂಡು ಬರೋಕೆ ಹೊರಟ್ರೆ ಸಂಜೆ ವಾಪಸ್ ಬರ್ತಿದ್ರು ಅಂತ."

ಡೆಲ್ಮರನಿಗೆ ನೆನಪಾಯಿತು. ನೆನಪಾದೊಡನೆ ಆ ಮಾತಿನ ಸೊಗಸಿಗೆ ಒಳಗೊಳಗೇ ತಲೆದೂಗಿದ. "ಅವತ್ತೇ ನನ್ ಕಿವಿ ಹಿಂಡಬಾರದಿತ್ತಾ?"

"ಗೆರಾಲ್ಡ್ ಅಪ್ಪ ಡಾಕ್ಟರು. ಆ ಸ್ನೇಹಿತರ ಅಪ್ಪಂದಿರಲ್ಲಿ ಒಬ್ರು ಜಡ್ಜು. ಎಲ್ರೂ ನನ್ ಕಡೆ ತಿರುಗಿ ನೋಡಿದ್ರು. ಕೇಳೋಕೆ ಚೆನ್ನಾಗಿತ್ತು ಕಣೋ, ಸುಮ್ನಾಗ್ಬಿಟ್ಟೆ."

ಅವಳಿಗೆ ಬೇಕಾದದ್ದು ಇಷ್ಟೇ: ಕೊನೆಯ ದಿನ ಎಲ್ಲರನ್ನೂ ಫೇರ್‌ಲೀಗೆ ಕರೆದುಕೊಂಡು ಹೋಗಬೇಕು, ಒಂದು ಕಾಲದಲ್ಲಿ ಇದೆಲ್ಲ ನಮ್ಮದೇ ಆಗಿತ್ತು, ಆಮೇಲೆ ಮಾರಿದೆವು ಎನ್ನಬೇಕು. ಮಾಲೀಕರು ಆಗ ಊರಿನಲ್ಲಿರುವುದಿಲ್ಲ. ಇಲ್ಲವೆನ್ನುವವರು ಯಾರು?

ಅವರಪ್ಪ ಎಲ್ವುಡ್ ಟ್ಯಾಕೆಟ್ ಫೇರ್‌ಲೀಯಲ್ಲೇ ಇದ್ದದ್ದು ನಿಜ, ಆದರೆ ಲಾಯದ ಆಳಾಗಿ. ಮೈ ತಿಕ್ಕುವುದು, ಗೊರಸು ಕೆರೆಯುವುದು, ಲದ್ದಿ ಬಳಿಯುವುದು. ಕುದುರೆಗಳು ಮರಿ ಹಾಕುವ ತಿಂಗಳುಗಳಲ್ಲಿ ಮನೆಗೂ ಬಾರದೆ ಲಾಯದ ಮಾಳಿಗೆಯ ಕೋಣೆಯಲ್ಲೇ ಮಲಗುತ್ತಿದ್ದರು.

ಮುಂದಿನ ಭಾನುವಾರ ಡೆಲ್ಮರ್ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿ, ದಂಡಯಾತ್ರೆಗೆ ಹೊರಟ ಸೇನಾಪತಿಯ ಹಾಗೆ ಕುಳಿತ. ಹೆಂಡತಿ ಓಪಲ್ ಎದುರಿಗೆ ಕುಳಿತು ಬೀನ್ಸ್ ನಾರು ತೆಗೆಯುತ್ತಿದ್ದಳು.

"ಮೊದಲ್ನೇ ದಿನ ಭಟ್ಟಿ. ನೀನು ಬಾಟಲಿಗೆ ಚೀಟಿ ಅಂಟಿಸ್ತಿದ್ದೆಯಲ್ಲ, ಅದೇ. ಪೀಪಾಯಿ ಉಗ್ರಾಣದಲ್ಲಿ ಒಂದ್ಸಲ ಉಸಿರು ಎಳ್ಕೊಂಡ್ರೆ ಸಾಕು, ಜಡ್ಜ್ ಮಗನೂ ಕುಣೀತಾನೆ."

"ದೇವತೆಗಳ ಪಾಲಿನ ಕತೆ ಹೇಳ್ತೀಯಾ?"

"ಹೇಳ್ದೆ ಇರ್ತೀನಾ?" ಪೀಪಾಯಿಯಿಂದ ವರ್ಷವರ್ಷವೂ ಆವಿಯಾಗಿ ಹೋಗುವ ಬರ್ಬನ್ ದೇವತೆಗಳ ಪಾಲು ಎಂಬುದು ನಮ್ಮ ಕಡೆಯ ಮಾತು. "ನಮ್ಮ ಪ್ರಾರ್ಥನೆಗೆ ಮೇಲಿಂದ ಉತ್ತರ ಯಾಕೆ ಬರಲ್ಲ ಅಂದ್ರೆ ಇದೇ ಕಾರಣ ಅಂತೀನಿ. ಯಾರಿಗೆ ಎಚ್ಚರ ಇರುತ್ತೆ ಅಲ್ಲಿ?"

ಎರಡನೆಯ ದಿನಕ್ಕೆ ಕಲ್ಲುಬೇಲಿಗಳ ನಡುವಿನ ಸಣ್ಣ ರಸ್ತೆಗಳು, ಮಧ್ಯಾಹ್ನ ದೊಡ್ಡ ಹಂಡೆಯ ಮಾಂಸದ ಸಾರು, ಸಂಜೆ ರೇಸು. ಸಾರಿಗೆ ಖಾರ ಬೇಡ, ಉತ್ತರದವರು ಮೆಣಸಿನ ಹೆಸರು ಕೇಳಿದರೇ ಬೆವರುತ್ತಾರೆ ಎಂದಳು ಓಪಲ್. ಅದನ್ನೂ ಒಪ್ಪಿಕೊಂಡ. ಮೂರನೆಯ ದಿನಕ್ಕೆ ಬಂದಾಗ ಅವನ ಬೆರಳು ನಕ್ಷೆಯ ಮೇಲೆ ನಿಂತಿತು.

"ಹೂಂ, ಹೇಳು. ನಾನೇ ಗೆರಾಲ್ಡ್ ಅಂದ್ಕೋ," ಎಂದಳು ಓಪಲ್.

ಡೆಲ್ಮರ್ ಗಂಟಲು ಸರಿಮಾಡಿಕೊಂಡ. "ನೋಡಿ ಭಾವ, ಈ ಬೇಲಿಯಿಂದ ಆ ದಿಣ್ಣೆವರೆಗೆ ಎಲ್ಲಾ ನಮ್ಮಪ್ಪಂದೇ."

"ಓಹೋ. ನಿಮ್ಮಪ್ಪ ಎಲ್ಲಿ ಮಲಗ್ತಿದ್ರು?"

"ಆ ದೊಡ್ಡ ಮನೇಲಿ."

"ಲಾಯದ ಮೇಲೆ ಒಂದು ಸಣ್ಣ ಕಿಟಕಿ ಕಾಣುತ್ತಲ್ಲ, ಅಲ್ಲಿ?"

"ಅಲ್ಲಿ... ಆಳು ಮಲಗ್ತಿದ್ದ."

"ಆಳಿನ ಹೆಸರೇನು?" ಎಂದಳು ಓಪಲ್, ಬೀನ್ಸ್‌ನಿಂದ ತಲೆ ಎತ್ತದೆ.

ಡೆಲ್ಮರ್ ಟ್ಯಾಕೆಟ್ ನಕ್ಷೆಯನ್ನು ಮಡಿಸಿಟ್ಟ. ಆ ಗಳಿಗೆಯಲ್ಲಿ ಕೆಂಟಕಿ ನದಿ ಹರಿಯುವುದನ್ನು ನಿಲ್ಲಿಸಿ ಹಿಂತಿರುಗಿ ನೋಡಿತೆಂದು ನಮ್ಮೂರಿನಲ್ಲಿ ಹೇಳುತ್ತಾರೆ. ನಾನು ಅಷ್ಟು ಹೇಳುವುದಿಲ್ಲ. ಹರಿವು ಸ್ವಲ್ಪ ನಿಧಾನವಾದದ್ದಂತೂ ಹೌದು.

ಮರುದಿನ ಅವನೇ ಫೋನು ಮಾಡಿ ಅಕ್ಕನ ಮುಂದೆ ಬೇರೆ ಸರಕು ಹರಡಿದ. ಸಿಡಿಲು ಬಡಿದು ಫಾರ್ಮು ಸುಟ್ಟುಹೋಯಿತೆನ್ನಲೇ? ಇಡೀ ಫಾರ್ಮನ್ನು ನೆಲ ನುಂಗಿತೆಂದರೆ? ನಮ್ಮ ಕಡೆ ಕೆಳಗೆಲ್ಲ ಸುಣ್ಣಕಲ್ಲು, ಆಗಾಗ ನೆಲ ಕುಸಿಯುತ್ತದೆ, ನಂಬುತ್ತಾರೆ.

"ಅವ್ರಿಗೆ ಏನೋ ಒಂದು ತೋರಿಸ್ಬೇಕಲ್ವೇನೋ," ಎಂದಳು ನೇಡೀನ್. ಧ್ವನಿ ಸಣ್ಣದಾಗಿತ್ತು. "ಅಪ್ಪನ ಹೆಸರಲ್ಲಿ ಹೂವು ಇಡ್ಬೇಕು ಅಂತಿದಾರೆ ಗೆರಾಲ್ಡ್. ಈಗ ಹೋಗಿ ಏನಂತ ಹೇಳ್ಲಿ? ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ ಅಂತಲಾ? ಪ್ಲಾನ್ ಹೇಗಿದೆಯೋ ಹಾಗೇ ಇರ್ಲಿ."

ಅಕ್ಟೋಬರಿನಲ್ಲಿ ಅವರು ಬಂದರು. ಗೆರಾಲ್ಡ್ ಏಣಿಯಂಥ ಮನುಷ್ಯ. ಮಾತು ಕಡಿಮೆ, ಕೇಳುವುದು ಹೆಚ್ಚು. ಭಟ್ಟಿಯಲ್ಲಿ ಜಡ್ಜ್ ಮಗ ಕುಣಿಯಲಿಲ್ಲ, ಆದರೆ ಹಾಡಿದ. ಸಾರಿನಲ್ಲಿ ಖಾರವಿಲ್ಲದಿದ್ದರೂ ಎಲ್ಲರೂ ಬೆವರಿದರು. ಎರಡು ದಿನವೂ ನೇಡೀನ್ ಚೆಂದದ ಕೋಟು ತೊಟ್ಟು ಕಾರಿನ ಮುಂದಿನ ಸೀಟಿನಲ್ಲಿ ಕುಳಿತು, ತಾನು ಹುಟ್ಟಿ ಬೆಳೆದ ರಸ್ತೆಗಳನ್ನು ಬೇರೆಯವರ ಹಾಗೆ ನೋಡುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ಫೇರ್‌ಲೀ. ಡೆಲ್ಮರ್ ತೊಳೆದ ಟೋಪಿ ಹಾಕಿಕೊಂಡು ಮುಂದೆ ನಡೆದ. ಕಪ್ಪು ಬೇಲಿಗಳು, ಮಂಜು ಕೂತ ಹುಲ್ಲು, ದಿಣ್ಣೆಯ ಮೇಲೆ ದೊಡ್ಡ ಮನೆ. ಗೆರಾಲ್ಡನ ಕೈಯಲ್ಲಿ ಹೂವಿನ ಗೊಂಚಲಿತ್ತು. "ಇದೆಲ್ಲಾನೂ ಅವ್ರದೇ ಆಗಿತ್ತಾ?" ಎಂದು ಕೇಳಿದ. "ಬನ್ನಿ ಭಾವ, ಮೊದ್ಲು ಲಾಯ ನೋಡಿ," ಎಂದ ಡೆಲ್ಮರ್.

ಲಾಯದೊಳಗಿನ ಓಣಿಗೆ ಅಡ್ಡಲಾಗಿ ಮುದಿ ಹೆಣ್ಣುಕುದುರೆ ಗ್ರೇಸಳನ್ನು ಕಟ್ಟಿತ್ತು. ಮುಖ ಒಂದು ಗೋಡೆಗೆ. ಬಾಲದ ಹಿಂದೆ ಒಬ್ಬರು ನುಸುಳುವಷ್ಟು ಜಾಗ.

"ಈ ಹೊತ್ತಲ್ಲಿ ಅವಳು ಹುಲ್ಲುಗಾವಲಲ್ಲಿ ಇರ್ಬೇಕಲ್ಲ?" ಎಂದು ಓಪಲ್ ಗಂಡನ ಕಿವಿಯಲ್ಲಿ ಕೇಳಿದಳು.

"ಚಳಿ ಅಂದ್ಲು," ಎಂದ ಡೆಲ್ಮರ್.

ಅತಿಥಿಗಳು ಗಕ್ಕನೆ ನಿಂತರು. "ಒದೀತಾಳಾ?" ಎಂದ ಜಡ್ಜ್ ಮಗ.

"ಛೇ, ಸಾಧು. ಹೋದ ವರ್ಷ ಒಬ್ಬನಿಗೆ ಒದ್ದಿದ್ಲು ಅಷ್ಟೇ. ಅವನು ಇನ್ನೂ ಕೆಳಗೆ ಬಿದ್ದಿಲ್ಲ."

ಎಲ್ಲರೂ ನಗುತ್ತಲೇ ಎರಡು ಹೆಜ್ಜೆ ಹಿಂದೆ ಸರಿದರು. ನೇಡೀನ್ ಮಾತ್ರ, ಜಡ್ಜ್ ಮಗನ ಹೆಂಡತಿಗೆ ರೇಸಿನ ಟೋಪಿಗಳ ಬಗ್ಗೆ ಏನೋ ಹೇಳುತ್ತಿದ್ದವಳು, ಮಾತು ನಿಲ್ಲಿಸದೆಯೇ ಕುದುರೆಯ ಬಳಿಗೆ ಹೋದಳು. ನಾಲಗೆಯಿಂದ ಲೊಚಗುಟ್ಟಿದಳು. ಅಂಗೈಯನ್ನು ಅದರ ಬೆನ್ನಿನ ಮೇಲಿಟ್ಟು, ಹಾಗೇ ಸವರುತ್ತ, ಬಾಲಕ್ಕೆ ಮೈ ತಾಗುವಷ್ಟು ಹತ್ತಿರದಿಂದ ಹಿಂದೆ ಹಾಯ್ದು ಆ ಬದಿಗೆ ಹೊರಟಳು. ಅರಿಯದವರು ಕುದುರೆಯ ಹಿಂದೆ ದೂರದಿಂದ ಹಾಯುತ್ತಾರೆ. ಒದೆತ ಸರಿಯಾಗಿ ಬೀಳುವುದು ಅಲ್ಲಿಯೇ. ಲಾಯದಲ್ಲಿ ಬೆಳೆದವರು ಮುಟ್ಟಿಕೊಂಡೇ ಹಾಯುತ್ತಾರೆ.

ಆಚೆ ಹೋದ ಮೇಲೆ ನೇಡೀನ್ ತಿರುಗಿ ನೋಡಿದಳು. ಈಚೆ ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಇದನ್ನ ಯಾರು ಹೇಳ್ಕೊಟ್ರು ನಿಂಗೆ?" ಎಂದ ಗೆರಾಲ್ಡ್.

ಡೆಲ್ಮರ್ ಬಾಯಿ ತೆರೆದ. ಮಾತು ನಾಲಗೆಯ ತುದಿಗೇ ಬಂದಿತ್ತು. ಅವನ ಬದುಕಿನಲ್ಲೇ ಅಷ್ಟು ಭರ್ಜರಿಯಾದ ಸುಳ್ಳು ಇನ್ನೊಂದಿರಲಿಲ್ಲ. ಅಕ್ಕ ಅವನತ್ತ ನೋಡಿ ಬೇಡವೆಂದು ಮೆಲ್ಲನೆ ತಲೆಯಾಡಿಸಿದಳು. ಅವಳ ಕೈ ಇನ್ನೂ ಕುದುರೆಯ ಮೇಲೆಯೇ ಇತ್ತು.

"ನಮ್ಮಪ್ಪ," ಎಂದಳು. "ಫಾರ್ಮು ಅವರದ್ದಲ್ಲ, ಗೆರಾಲ್ಡ್. ಯಾವತ್ತೂ ಆಗಿರ್ಲಿಲ್ಲ. ಅವರು ಇಲ್ಲಿ ಕುದುರೆ ತಿಕ್ತಿದ್ರು. ಮೇಲೆ ಆ ಕಿಟಕಿ ಇದೆಯಲ್ಲ, ಅಲ್ಲಿ ಮಲಗ್ತಿದ್ರು."

"ಎಲ್ವುಡ್ ಟ್ಯಾಕೆಟ್," ಎಂದ ಡೆಲ್ಮರ್, ಓಪಲ್ ಕಡೆ ತಿರುಗಿ. ಅದರ ಹಿಂದೆ ಮುಂದೆ ಒಂದು ಮಾತನ್ನೂ ಸೇರಿಸಲಿಲ್ಲ.

ಗೆರಾಲ್ಡ್ ತಲೆಯೆತ್ತಿ ಮಾಳಿಗೆಯತ್ತ ನೋಡಿದ. ಆಮೇಲೆ ಹೂವನ್ನು ಓಪಲ್ ಕೈಗೆ ಕೊಟ್ಟು, ಕೋಟಿನ ತೋಳು ಮೇಲೇರಿಸಿಕೊಂಡ.

"ಕೈ ಎಲ್ಲಿಡ್ಬೇಕು, ತೋರಿಸು," ಎಂದ.

ನೇಡೀನ್ ವಾಪಸು ಬಂದು ಅವನ ಕೈ ಹಿಡಿದು ಗ್ರೇಸಳ ಬೆನ್ನಿನ ಮೇಲಿಟ್ಟಳು. "ಎತ್ತಬೇಡ. ಎಲ್ಲಿದೀಯ ಅಂತ ಅವಳಿಗೆ ಗೊತ್ತಾಗ್ತಿರ್ಬೇಕು." ಅವನು ಹಾಯ್ದ. ಅವನ ಹಿಂದೆ ಜಡ್ಜ್ ಮಗ, ಉಸಿರು ಬಿಗಿಹಿಡಿದು. ಆಮೇಲೆ ಒಬ್ಬೊಬ್ಬರಾಗಿ ಉಳಿದವರು, ಕೊನೆಗೆ ಹೂವು ಹಿಡಿದ ಓಪಲ್. ಗ್ರೇಸ್ ಒಂದು ಹಿಂಗಾಲನ್ನು ಸಡಿಲಬಿಟ್ಟು ಕಣ್ಣು ಮುಚ್ಚಿದಳು. ಅಷ್ಟೂ ಅಂಗೈಗಳು ಹಾಯ್ದಲ್ಲಿ ಅವಳ ಮೈಯ ಧೂಳು ಒರೆಸಿಹೋಗಿ, ಕಂದು ರೋಮ ಆಗಷ್ಟೇ ತಿಕ್ಕಿದಂತೆ ಒಂದು ಪಟ್ಟಿಯಾಗಿ ಹೊಳೆಯುತ್ತಿತ್ತು.