ಅರವತ್ತೆರಡು ಸಾಲಿನ ಮೆನು

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಎಂಟು ಹಳೆಯ ಕಂಪ್ಯೂಟರ್‌ಗಳಿದ್ದವು. ಆನ್ ಮಾಡಿ ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದರೂ ಅವು ಇನ್ನೂ ಏಳಬೇಕೋ ಬೇಡವೋ ಎಂದು ಯೋಚಿಸುತ್ತಲೇ ಇರುತ್ತಿದ್ದವು. ಆಡಳಿತ ಸಮಿತಿಯ ಅಧ್ಯಕ್ಷರಿಗೆ ಬಹಳ ದಿನದಿಂದ ಆ ಕೋಣೆಯ ಮೇಲೆ ಕಣ್ಣು. ಸಮಿತಿಗೆ ಬಂದ ಶೀಲ್ಡುಗಳನ್ನಿಡಲು ಗಾಜಿನ ಬೀರು ಬೇಕು, ಬೀರುವಿಗೆ ಜಾಗ ಬೇಕು. ಮೂರು ವಾರ ಬಿಟ್ಟು ಸೋಮವಾರ ಹನ್ನೊಂದು ಗಂಟೆಗೆ ಬಂದು ನೋಡುತ್ತೇನೆ, ಯಂತ್ರಗಳು ಕೆಲಸಕ್ಕೆ ಬಂದರೆ ಸರಿ, ಇಲ್ಲದಿದ್ದರೆ ಗುಜರಿಗೆ ಎಂದು ಹೇಳಿ ಹೋಗಿದ್ದರು.

ಗ್ರಂಥಪಾಲಕಿಗೆ ಊಟ ಸೇರಲಿಲ್ಲ. ಆ ಕೋಣೆಗೆ ಬರುತ್ತಿದ್ದವರು ಬೇರೆಲ್ಲೂ ಹೋಗಲಾರದವರು. ಕೆಲಸ ಹುಡುಕುವ ಹೆಂಗಸರು, ಕೈ ನಡುಗಿ ಬರೆಯಲಾಗದ ಮುದುಕರು, ಅವರೆಲ್ಲರ ಅರ್ಜಿಗಳನ್ನು ಎರಡು ಬೆರಳಿನಲ್ಲಿ ಟೈಪ್ ಮಾಡಿಕೊಡುವ ನಿವೃತ್ತ ಬಸ್ ಕಂಡಕ್ಟರು. ಶೀಲ್ಡು ನೋಡಲು ಇವರಲ್ಲಿ ಒಬ್ಬರೂ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ವಿಧಿಯಿಲ್ಲದೆ ತಂಗಿಯ ಗಂಡನನ್ನು ಕರೆಸಿದಳು. ಮನೆಯವರೆಲ್ಲ ಅವನನ್ನು ಪಂಡಿತ ಎನ್ನುತ್ತಿದ್ದರು. ಹೆಸರಿಟ್ಟವರು ಮೆಚ್ಚಿ ಇಟ್ಟಿರಲಿಲ್ಲ, ಅವನು ಮಾತ್ರ ಬಿರುದೆಂದೇ ತಿಳಿದಿದ್ದ.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಪಂಡಿತ ಯಂತ್ರಗಳಿಗೆ ಜೀವ ಕೊಟ್ಟ. ಹಳೆಯ ತಂತ್ರಾಂಶವನ್ನೆಲ್ಲ ಅಳಿಸಿ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಹಾಕಿದ, ಅದರ ಮೇಲೆ ಪರದೆಯ ಕಿಟಕಿಗಳನ್ನು ನೋಡಿಕೊಳ್ಳುವ, ಹತ್ತಿಯಷ್ಟು ಹಗುರವಾದ ವಿಂಡೋ ಮ್ಯಾನೇಜರ್ ಕೂರಿಸಿದ. ಮುದಿ ಯಂತ್ರಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ನಿಂತವು. ಪರದೆಯ ಮೇಲೆ ಗುಂಡಿಯಿಲ್ಲ, ಚಿತ್ರವಿಲ್ಲ. ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿದರೆ ಒಂದು ಮೆನು ಬರುತ್ತದೆ, ಬೇಕಾದದ್ದನ್ನು ಅದರಲ್ಲಿ ಆರಿಸಿಕೊಳ್ಳಬೇಕು. ಆ ಮೆನುವಿನಲ್ಲಿ ಏನಿರಬೇಕೆಂಬುದನ್ನು ಒಂದು ಕಡತದಲ್ಲಿ ಬರೆದಿಟ್ಟರಾಯಿತು. ಗ್ರಂಥಪಾಲಕಿ ಕೇಳಿದ್ದು ಐದೇ ಐದು: ಪತ್ರ ಬರೆಯುವುದು, ಇಂಟರ್ನೆಟ್, ಉಳಿಸಿದ ಕಾಗದಗಳು, ಪ್ರಿಂಟ್, ಕಂಪ್ಯೂಟರ್ ಬಂದ್ ಮಾಡುವುದು.

ಪಂಡಿತ ನಕ್ಕ. ಐದು ಸಾಲಿನ ಮೆನುವನ್ನು ಯಾರು ಬೇಕಾದರೂ ಬರೆಯುತ್ತಾರೆ, ಅದಕ್ಕೆ ತಾನೇಕೆ ಎಂದ. ಎರಡು ವಾರ ಕುಳಿತು ಅರವತ್ತೆರಡು ಸಾಲು ಬರೆದ. ಪತ್ರ ಬರೆಯುವುದು 'ಅಭಿವ್ಯಕ್ತಿ'ಯ ಒಳಗೆ, 'ಗದ್ಯ'ದ ಕೆಳಗೆ ಹೋಯಿತು. ಇಂಟರ್ನೆಟ್ಟು 'ಸಂಪರ್ಕ ಸೇತು' ಆಯಿತು. ಪ್ರಿಂಟು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಅವಳು ದಿನವೂ ಬೇಡಿಕೊಂಡಳು, ಪುಸ್ತಕವನ್ನು ಓದುವವರ ಕೈಗೆ ಸಿಗುವ ಕಡೆ ಇಡಬೇಕು, ಇಡುವವರ ಜಾಣತನ ಕಾಣುವ ಕಡೆ ಅಲ್ಲ ಎಂದಳು. ಜನ ಕಲಿಯಬೇಕು ಅಕ್ಕ ಎಂದು ಅವನು ಕೈ ಆಡಿಸಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಕಿಟಕಿಯ ಪಕ್ಕದ ಎಂಟನೆಯ ಯಂತ್ರದಲ್ಲಿ ಮಾತ್ರ ಕೀಲಿಮಣೆಯ ಮೂಲೆಯ ಒಂದು ಕೀ ಉದುರಿಹೋಗಿತ್ತು. ಮೆನು ಮುಟ್ಟದೆ ಬರೀ ಕೀ ಒತ್ತಿ ಕೆಲಸ ಮುಗಿಸುವ ಪಂಡಿತನ ಶಾರ್ಟ್‌ಕಟ್‌ಗಳೆಲ್ಲ ಆ ಕೀಯಿಂದಲೇ ಶುರುವಾಗಬೇಕು. ಹಾಗಾಗಿ ಅದಕ್ಕೆ ಲಿನಕ್ಸ್ ತುಂಬಿ ಮೆನು ನಕಲು ಮಾಡಿ ಬಿಟ್ಟವನು ಮತ್ತೆ ಅತ್ತ ತಲೆ ಹಾಕಲಿಲ್ಲ.

ಶನಿವಾರ ಮಧ್ಯಾಹ್ನ ಗ್ರಂಥಪಾಲಕಿ ಆ ಯಂತ್ರದ ಮುಂದೆ ಕುಳಿತು ಮೆನುವಿನ ಕಡತ ತೆರೆದಳು. ಮೂವತ್ತು ವರ್ಷ ಪುಸ್ತಕದ ಚೀಟಿ ಬರೆದವಳಿಗೆ ಒಂದು ಸಾಲಿನ ಮಾದರಿ ನೋಡಿ ಇನ್ನೊಂದು ಬರೆಯುವುದು ಕಷ್ಟವಲ್ಲ. ಮೊದಲ ಸಲ ಕೊನೆಯ ಒಂದು ಚಿಹ್ನೆ ಬಿಟ್ಟುಹೋಗಿ ಇಡೀ ಮೆನುವೇ ಮಾಯವಾಯಿತು. ನಕಲು ಎತ್ತಿಟ್ಟಿದ್ದಳು, ಬದುಕಿದಳು. ಸಂಜೆಯ ಹೊತ್ತಿಗೆ ಐದು ಸಾಲು ಸಿದ್ಧವಾದವು. ಪಕ್ಕದ ಕಡತದಲ್ಲಿ ಪರದೆಯ ಕಿಟಕಿಗಳಿಗೆ ಮುಚ್ಚುವ ಗುಂಡಿಯಿರುವ ತಲೆಪಟ್ಟಿ 'ಬೇಡ' ಎಂದಿದ್ದುದನ್ನು 'ಬೇಕು' ಎಂದು, ಇಡೀ ಪರದೆ ತುಂಬುವುದು 'ಬೇಕು' ಎಂದಿದ್ದುದನ್ನು 'ಬೇಡ' ಎಂದು ತಿದ್ದಿದಳು. ಉಳಿದ ಏಳಕ್ಕೆ ಕೈ ಹಾಕುವ ಮೊದಲೇ ಬಾಗಿಲು ಹಾಕುವ ಹೊತ್ತಾಯಿತು, ಮರುದಿನ ರಜೆ.

ಸೋಮವಾರ ಅಧ್ಯಕ್ಷರು ಬಂದರು. ಗಂಡನ ವೈಭವ ನೋಡಲು ತಂಗಿಯೂ ಬಂದಳು. ಪಂಡಿತ ಮೊದಲ ಯಂತ್ರದ ಮುಂದೆ ಕುಳಿತು ಕೀಲಿಮಣೆಯ ಮೇಲೆ ಬೆರಳಾಡಿಸಿದ. ಕಿಟಕಿಗಳು ತೆರೆದವು, ಮುಚ್ಚಿದವು, ಮೌಸು ಒಂದು ಕಡೆ ಸುಮ್ಮನೆ ಬಿದ್ದಿತ್ತು. ಅಧ್ಯಕ್ಷರು ಭೇಷ್ ಎಂದು, ಈಗ ನಾನು ಕೂರುತ್ತೇನೆ ಎಂದರು.

ಅಲ್ಲಿಗೆ ಕೆಟ್ಟಿತು. ಅವರು ಮೆನು ತೆರೆದು, 'ಅಭಿವ್ಯಕ್ತಿ'ಯಲ್ಲಿ ಬೆವರಿ, ಹೇಗೋ 'ಸಂಪರ್ಕ ಸೇತು' ಒತ್ತಿದರು. ಇಂಟರ್ನೆಟ್ಟು ಪರದೆಯ ತುದಿಯಿಂದ ತುದಿಯವರೆಗೆ ಹರಡಿಕೊಂಡಿತು. ಮುಚ್ಚುವ ಗುಂಡಿ ಇರಲಿಲ್ಲ, ಪಂಡಿತ ಅದನ್ನು ಹೊರೆ ಎಂದು ಕಿತ್ತಿದ್ದ. ಮೆನು ಕರೆಯೋಣವೆಂದರೆ ಬಲಗುಂಡಿ ಒತ್ತಲು ಖಾಲಿ ಜಾಗವೇ ಉಳಿದಿರಲಿಲ್ಲ. ಮನೆ ಕಟ್ಟಿ ಬಾಗಿಲು ಮರೆತ ಕೆಲಸ. ಅಧ್ಯಕ್ಷರು ಮೌಸನ್ನು ಮೇಜಿನ ಮೇಲೆಲ್ಲ ಉಜ್ಜಿದರು. ಪಂಡಿತ ಒಂದೇ ಸಲ ಮೂರು ಕೀ ಒತ್ತುವ ವಿದ್ಯೆಯನ್ನು ವಿವರಿಸತೊಡಗಿದ.

"ನನಗೇ ಹೊರಗೆ ಬರೋಕಾಗ್ತಿಲ್ಲ, ಇನ್ನು ಇಲ್ಲಿಗೆ ಬರೋರ ಗತಿ ಏನು?" ಎಂದು ಅಧ್ಯಕ್ಷರು ಎದ್ದು, ಬೀರು ಇಡುವ ಜಾಗವನ್ನು ಕಣ್ಣಲ್ಲೇ ಅಳೆದರು.

ಗ್ರಂಥಪಾಲಕಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಅಧ್ಯಕ್ಷರ ಮೇಲಲ್ಲ. ಇನ್ನೊಂದು ಯಂತ್ರ ಇದೆ, ಎರಡೇ ನಿಮಿಷ ಎಂದು ಅವರನ್ನು ತಡೆದು, ಬಾಗಿಲಲ್ಲಿ ಕಾಯುತ್ತಿದ್ದ ಕಂಡಕ್ಟರನ್ನು ಎಂಟನೆಯದರ ಮುಂದೆ ಕೂರಿಸಿದಳು. ಅವನು ಅದರ ಹೊಸ ಮೆನುವನ್ನು ಎಂದೂ ನೋಡಿರಲಿಲ್ಲ. ಅಧ್ಯಕ್ಷರು ಮಾಡಿದ್ದನ್ನು ನೋಡಿದ್ದಂತೆ ಬಲಗುಂಡಿ ಒತ್ತಿದ, ಐದು ಸಾಲು ಬಂದವು. ಬೀದಿ ದೀಪ ಉರಿಯುವುದಿಲ್ಲ ಎಂದು ಮೂರು ಸಾಲಿನ ಅರ್ಜಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಪರದೆಯ ಕಿಟಕಿ ಮುಚ್ಚಿ, ಕಾಗದವನ್ನು ಅಧ್ಯಕ್ಷರ ಕೈಗೇ ಕೊಟ್ಟ.

ಅಧ್ಯಕ್ಷರು ಓದಿದರು. ಎಲ್ಲವೂ ಹೀಗೇ ಆಗುವುದಾದರೆ ಕೋಣೆ ಇರಲಿ, ಬೀರು ಮೆಟ್ಟಿಲ ಕೆಳಗೆ ಹೋಗಲಿ ಎಂದರು. ಹೋಗುವಾಗ ಪಂಡಿತನ ಕೈ ಕುಲುಕಿ, ಅವನ ಸೇವೆಗೆ ಸಮಿತಿಯ ಪರವಾಗಿ ಧನ್ಯವಾದ ಹೇಳಿದರು. ಪಂಡಿತ ತಲೆ ಬಾಗಿಸಿ ಅದನ್ನು ಸ್ವೀಕರಿಸಿದ. ಯಾರೋ ಬೆವರು ಸುರಿಸಿದ್ದಕ್ಕೆ ಇನ್ಯಾರಿಗೋ ಹಾರ ಬೀಳುವುದು ಹೊಸದೇನಲ್ಲ. ಗ್ರಂಥಪಾಲಕಿ ನುಂಗಿಕೊಂಡಳು. ಕೋಣೆ ಉಳಿದಿತ್ತು.

ಅಧ್ಯಕ್ಷರು ಮರೆಯಾದ ಮೇಲೆ ಪಂಡಿತನ ಮುಖ ಗಂಟಾಯಿತು.

"ನನ್ನ ಕೇಳದೆ ಮೆನು ಬದಲಾಯಿಸಿದ್ರಲ್ಲ ಅಕ್ಕ."

"ಎರಡು ವಾರ ಕೇಳಿದೆ," ಎಂದಳು ಅವಳು. "ಹೋಗಲಿ, ನಿಮ್ಮ ಮೆನುವಿನಿಂದ ನೀವು ಒಂದು ದಿನವಾದರೂ ಏನಾದರೂ ತೆರೆದಿದ್ದೀರಾ?"

ಇದೇನು ದೊಡ್ಡ ಮಾತು ಎನ್ನುವಂತೆ ಅವನು ಮೊದಲ ಯಂತ್ರದ ಮುಂದೆ ಕುಳಿತ. ತನ್ನ ಮೂರು ಕೀ ಒತ್ತಿ, ಅಧ್ಯಕ್ಷರು ಬಿಟ್ಟುಹೋದ ಕಿಟಕಿಯನ್ನು ಮುಚ್ಚಿದ. ಆಮೇಲೆ ಅವಳು ಕೀಲಿಮಣೆಯನ್ನು ಎಳೆದು ತನ್ನ ಕಂಕುಳಲ್ಲಿಟ್ಟುಕೊಂಡು, ಪ್ರಿಂಟ್ ತೆಗೆಯಿರಿ ಎಂದಳು. ಅವನು ಮೌಸು ಹಿಡಿದ. 'ಸಾಧನ' ತೆರೆದ, ಇಲ್ಲ. 'ಅಭಿವ್ಯಕ್ತಿ' ತೆರೆದ, 'ಪದ್ಯ'ದವರೆಗೂ ಹೋಗಿ ಬಂದ. ಮತ್ತೆ 'ಸಾಧನ' ತೆರೆದ. ಕಿವಿ ಕೆಂಪಾಯಿತು. ತಂಗಿ ಗಂಡನ ಕಡೆ ನೋಡದೆ ಕಿಟಕಿಯ ಹೊರಗೆ ನೋಡತೊಡಗಿದಳು.

ಬಾಗಿಲಲ್ಲಿ ಆಗಲೇ ನಾಲ್ಕು ಜನ ಕಾಗದ ಹಿಡಿದು ಕಾಯುತ್ತಿದ್ದರು. ಕಂಡಕ್ಟರು ಪಂಡಿತನ ಬೆನ್ನ ಹಿಂದೆ ಬಂದು ನಿಂತು, ಹಳೆಯ ಕಸುಬಿನ ದನಿಯಲ್ಲಿ ಹೇಳಿದ:

"ಎಲ್ಲಿಗೆ ಅಂತ ಗೊತ್ತಿಲ್ಲದೋರು ಇಳೀರಿ ಸ್ವಾಮಿ. ಹಿಂದೆ ಜನ ಇದ್ದಾರೆ."